ದೀಪದೆಣ್ಣೆಯ ಲೆಕ್ಕ

ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗಧರ್ಮದ ದಿನ. ಕಳೆದ ವರ್ಷ ಆ ದಿನ ಬೀದರಿನಲ್ಲಿ ಚತುರ್ವಿಧ ದಾನವನ್ನು ಕುರಿತು ಮಾತನಾಡುವ ಹೊಣೆ ನನಗೆ ಬಂದಿತ್ತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ನಮ್ಮ ಶಾಸನಗಳು ಬಿಡಿಬಿಡಿಯಾಗಿ ಹೇಳುವುದು ಕಡಿಮೆ. ದಾನಿಯ ಬಿರುದಾವಳಿಯಲ್ಲಿ ಅವು ಒಂದೇ ಸಮಾಸವಾಗಿ ಬೆಸೆದುಕೊಂಡು ಬರುತ್ತವೆ. ನಾನು ಎಂದಿನಂತೆ ಶಾಸ್ತ್ರದಾನದ ಮೇಲೆಯೇ ಹೆಚ್ಚು ಹೊತ್ತು ನಿಂತೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಕಥೆಯನ್ನು ಹೇಳಿದೆ. ಸಭೆ ತಲೆದೂಗಿತು.

ಉಪನ್ಯಾಸ ಮುಗಿದ ಮೇಲೆ, ಭಾಲ್ಕಿಯಲ್ಲಿ ಅಧ್ಯಾಪಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಒಬ್ಬ ಹುಡುಗಿಯನ್ನೂ ಅವಳ ತಂದೆಯನ್ನೂ ನನ್ನ ಬಳಿಗೆ ಕರೆತಂದರು. ಅವರು ಔರಾದ ತಾಲ್ಲೂಕಿನ ಒಂದು ಹಳ್ಳಿಯವರು. ಹುಡುಗಿ ಬೀದರಿನ ಕಾಲೇಜೊಂದರಲ್ಲಿ ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡು ಬಿ.ಎ. ಸೇರಿ ಮೂರು ತಿಂಗಳೂ ಆಗಿರಲಿಲ್ಲ; ಹದಿನೈದು ದಿನಗಳಿಂದ ತರಗತಿಗೆ ಹೋಗುವುದನ್ನು ನಿಲ್ಲಿಸಿದ್ದಳು. ಬಿಡಿಸುವ ನಿರ್ಧಾರವನ್ನು ಮನೆಯವರು ಹೆಚ್ಚುಕಡಿಮೆ ಮಾಡಿಯಾಗಿತ್ತು. ನನ್ನ ಶಿಷ್ಯರು ಕೊನೆಯ ಪ್ರಯತ್ನವೆಂದು ಕರೆತಂದಿದ್ದರು.

ನಾನು ಕೇಳಿದ ಮೊದಲ ಪ್ರಶ್ನೆ, “ಫೀಸು ಎಷ್ಟು?” ಎಂಬುದು. ತಂದೆ ತಲೆಯಲ್ಲಾಡಿಸಿದರು. “ಫೀಸಿಂದು ಏನಿಲ್ರಿ ಸರ್, ಅದು ಕಟ್ಟೀವಿ. ಖೋಲಿ ಬಾಡಿಗಿ, ಊಟಾ, ಅದಕ್ಕ ನಮ್ಮ ಕೈಲೆ ಆಗವಲ್ದು.”

ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ಒಂದು ಗಂಟೆ ಕಾಲ ಶಾಸ್ತ್ರದಾನವನ್ನು ಹೊಗಳಿದ್ದವನು, ಸಮಾಸದ ಮೊದಲ ಪದ ಆಹಾರವೆಂಬುದನ್ನು ಮರೆತಿದ್ದೆ.

ನಾನು ಮರೆಯಬಾರದಾಗಿತ್ತು, ಏಕೆಂದರೆ ನಾನೂ ಸಮಾಜದ ಬೋರ್ಡಿಂಗೊಂದರ ಅನ್ನ ಉಂಡು ಓದಿದವನು. ನನ್ನ ಕಾಲದಲ್ಲಿ ಅಲ್ಲಿಗೆ ಸೇರಲು ಒಂದು ಅರ್ಜಿ ಬರೆಯಬೇಕಾಗಿತ್ತು. ಅದರಲ್ಲಿ ‘ವಾರ್ಷಿಕ ವೆಚ್ಚ’ ಎಂಬ ಸಾಲಿನ ಮುಂದೆ ನಾನು ಕಾಲೇಜಿನ ಶುಲ್ಕವನ್ನಷ್ಟೇ ಬರೆದೆ. ಅದಕ್ಕಿಂತ ಹೆಚ್ಚು ಬರೆದರೆ ದುರಾಸೆಯೆಂದು ತಿಳಿದಾರೆಂಬ ಅಳುಕು. ಬೋರ್ಡಿಂಗಿನಲ್ಲಿ ಜಾಗ ದೊರೆತದ್ದು ಎರಡನೆಯ ವರ್ಷ. ಮೊದಲ ವರ್ಷದ ಬಾಡಿಗೆ, ಊಟ, ಪುಸ್ತಕಗಳು ಯಾವುದರಿಂದ ನಡೆದವೆಂದು ನಾನು ವಿಚಾರಿಸಲೇ ಇಲ್ಲ. ಬಹಳ ವರ್ಷಗಳ ಮೇಲೆ ಒಂದು ಮದುವೆಯ ಸಂದರ್ಭದಲ್ಲಿ ಅವ್ವನ ಕೊರಳಿನಲ್ಲಿ ಬೋರಮಾಳ ಇಲ್ಲದ್ದನ್ನು ಕಂಡು ಕೇಳಿದಾಗ, ಅದು ನಾನು ಕಾಲೇಜು ಸೇರಿದ ವರ್ಷವೇ ಒತ್ತೆ ಹೋಗಿ ಮರಳಿ ಬಂದಿರಲಿಲ್ಲವೆಂದು ತಿಳಿಯಿತು. ನನ್ನ ಅರ್ಜಿಯಲ್ಲಿ ಬರೆಯದೆ ಬಿಟ್ಟ ಮೊತ್ತವನ್ನು ಅವಳು ತುಂಬಿದ್ದಳು.

ಆದ್ದರಿಂದ ಆ ಸಂಜೆ ನಾವು ನಾಲ್ವರೂ ಕುಳಿತು ಮೊದಲು ಮಾಡಿದ ಕೆಲಸ ಅರ್ಜಿ ತುಂಬುವುದಲ್ಲ, ಲೆಕ್ಕ ಬರೆಯುವುದು. ಹುಡುಗಿಯ ಕೈಗೆ ಹಾಳೆ ಕೊಟ್ಟು, ಹತ್ತು ತಿಂಗಳಿಗೆ ಏನೇನು ಬೇಕೋ ಎಲ್ಲವನ್ನೂ ಬರೆಯೆಂದೆ. ಅವಳು ತಂದೆಯ ಮುಖ ನೋಡುತ್ತ ಬರೆದಳು. ಕಾಲೇಜಿನ ಶುಲ್ಕ 3,800 ರೂಪಾಯಿ. ಎರಡು ಸೆಮಿಸ್ಟರುಗಳ ಪರೀಕ್ಷಾ ಶುಲ್ಕ 2,400. ಗೆಳತಿಯರೊಡನೆ ಹಂಚಿಕೊಂಡ ಖೋಲಿಯ ಬಾಡಿಗೆ ತಿಂಗಳಿಗೆ 1,200ರಂತೆ 12,000. ಊಟಕ್ಕೆ ತಿಂಗಳಿಗೆ 2,000ದಂತೆ 20,000. ಪುಸ್ತಕ ಮತ್ತು ಝೆರಾಕ್ಸು 2,500. ಮೊಬೈಲ್ ರೀಚಾರ್ಜು 3,000. ಸೋಪು, ಔಷಧ, ಬಟ್ಟೆ ಇತ್ಯಾದಿ 4,000. ಕೂಡಿಸಿದಾಗ 47,700 ರೂಪಾಯಿ ಆಯಿತು. ತಂದೆ ಹಾಳೆಯನ್ನು ಎರಡು ಸಲ ನೋಡಿದರು. ಹುಡುಗಿ ಮೆಲ್ಲಗೆ, “ಅಪ್ಪಾಗ ಇಷ್ಟು ಖರ್ಚು ಆಗ್ತದಂತ ನಾ ಖರೇನ ಹೇಳೇ ಇದ್ದಿಲ್ರಿ ಸರ್” ಎಂದಳು.

ಆ ಮೊತ್ತದಲ್ಲಿ ಕಾಲೇಜಿನ ಶುಲ್ಕ ನೂರಕ್ಕೆ ಎಂಟರಷ್ಟು ಮಾತ್ರ. ಊಟ ಮತ್ತು ವಸತಿ ಮೂರರಲ್ಲಿ ಎರಡು ಪಾಲು. ಒಂದು ಸಾಲು ಮಾತ್ರ ಸೊನ್ನೆಯಾಗಿತ್ತು: ಬಸ್ಸಿನ ಟಿಕೆಟ್ಟು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹಾಗಾದರೆ ಊರಿನಿಂದಲೇ ಓಡಾಡಬಹುದಲ್ಲ ಎಂದು ಕೇಳಿದೆ. ಅವಳು ಮೊದಲ ತಿಂಗಳು ಅದನ್ನೇ ಮಾಡಿದ್ದಳು. ಬೀದರ್, ಭಾಲ್ಕಿ, ಕಮಲನಗರಗಳಿಗೆ ರೈಲು ಉಂಟು, ಔರಾದಕ್ಕಿಲ್ಲ. ಹಳ್ಳಿಯಿಂದ ಔರಾದಕ್ಕೊಂದು ಬಸ್ಸು, ಅಲ್ಲಿಂದ ಬೀದರಿಗೆ ಸುಮಾರು ನಲವತ್ತು ಕಿಲೋಮೀಟರ್ ಇನ್ನೊಂದು ಬಸ್ಸು. ಮೊದಲ ಬಸ್ಸು ಹಿಡಿದರೂ ಮೊದಲ ತರಗತಿ ತಪ್ಪುತ್ತಿತ್ತು. ಕೊನೆಯ ತರಗತಿಗೆ ಕುಳಿತರೆ ಊರಿಗೆ ಹೋಗುವ ಬಸ್ಸು ತಪ್ಪುತ್ತಿತ್ತು. ಹಣ ಕೊಡದ ಪ್ರಯಾಣಕ್ಕೆ ದಿನವೂ ನಾಲ್ಕು ಗಂಟೆ ಕೊಡಬೇಕಾಗಿತ್ತು. ಹೀಗಾಗಿ ಖೋಲಿ ಬಂತು, ಖೋಲಿಯ ಹಿಂದೆ ಬಾಡಿಗೆ.

ಈ ಲೆಕ್ಕವನ್ನು ನಮ್ಮ ಪೂರ್ವಿಕರು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ನೆಯ ಇಸವಿಯ ಒಂದು ಶಾಸನವಿದೆ. ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ತ್ರೈಪುರುಷ ದೇವಾಲಯದ ಶಾಲೆಯನ್ನು ಕಟ್ಟಿಸಿದ್ದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಆ ಶಾಸನ ಆಚಾರ್ಯನಿಗೆ ಕೊಟ್ಟ ಭೂಮಿಯನ್ನು ಹೇಳಿ ಸುಮ್ಮನಾಗುವುದಿಲ್ಲ. ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು; ದೀಪದ ಖರ್ಚಿಗೆಂದೇ ಪ್ರತ್ಯೇಕವಾಗಿ 12 ನಿವರ್ತನ ಭೂಮಿ. ಅಷ್ಟಕ್ಕೇ ಮುಗಿಯದೆ, ಊರವರು ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಅದರ ಅರ್ಧ ಸಲ್ಲಿಸಬೇಕೆಂಬ ಕಟ್ಟಳೆ. ಓದುವ ಹುಡುಗನಿಗೆ ಮಲಗಲು ಮನೆ ಬೇಕು, ರಾತ್ರಿ ಓದಲು ಎಣ್ಣೆ ಬೇಕು, ಇವು ಒಂದು ವರ್ಷದ ಉದಾರತೆಯಿಂದ ನಡೆಯುವಂಥವಲ್ಲ, ಊರಿನ ಸಂಭ್ರಮಗಳಿಂದ ಪ್ರತಿವರ್ಷ ಹರಿದುಬರಬೇಕು ಎಂಬ ತಿಳಿವು ಆ ಕಲ್ಲಿನಲ್ಲಿದೆ. ಸಾಹಿತ್ಯದ ವಿದ್ಯಾರ್ಥಿಗಳು ಶಾಸನವನ್ನು ಓದುವಾಗ ಪ್ರಶಸ್ತಿಭಾಗದ ಪದ್ಯಗಳ ಸೊಗಸಿಗೆ ಮರುಳಾಗಿ ದತ್ತಿಯ ವಿವರಗಳನ್ನು ಹಾರಿಸಿಬಿಡುತ್ತೇವೆ. ವಿದ್ಯೆಯ ನಿಜವಾದ ಬೆಲೆ ಬರೆದಿರುವುದು ಅಲ್ಲಿ.

ಬೀದರಿನವರು ಇದನ್ನು ಕಣ್ಣಾರೆ ಕಾಣಬಹುದು. ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲಿ ಮಹಮೂದ್ ಗವಾನನ ಮದರಸಾ ಇದೆ. ಬಹಮನಿಗಳ ಆ ಪ್ರಧಾನಿ 1472ರಲ್ಲಿ ಕಟ್ಟಿಸಿದ ಕಟ್ಟಡದಲ್ಲಿ ಪಾಠದ ಅಂಗಳ, ಗ್ರಂಥಾಲಯಗಳೊಡನೆ ಗುರುಗಳ ಮತ್ತು ವಿದ್ಯಾರ್ಥಿಗಳ ವಾಸದ ಕೋಣೆಗಳೂ ಒಂದೇ ನಕ್ಷೆಯಲ್ಲಿ ಸೇರಿವೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟದಿಂದ ಅದರ ಒಂದು ಭಾಗ ಕುಸಿಯಿತು. ಉಳಿದ ಕೋಣೆಗಳನ್ನು ನೋಡಿದರೆ ಅಲ್ಲಿ ಓದುವುದೂ ಇರುವುದೂ ಬೇರೆಬೇರೆಯಾಗಿರಲಿಲ್ಲವೆಂಬುದು ತಿಳಿಯುತ್ತದೆ. ನಿಜಾಮರ ಕಾಲದಲ್ಲಿ, ಉರ್ದುವಿಗೆ ಮಾತ್ರ ಮನ್ನಣೆಯಿದ್ದಾಗ, ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರ ಕಥೆ ಈ ಜಿಲ್ಲೆಯ ಎಲ್ಲರಿಗೂ ಗೊತ್ತು. ಅವರು ಫಲಕದೊಂದಿಗೆ ಪ್ರಸಾದನಿಲಯವನ್ನೂ ನಡೆಸಿದರೆಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಅನ್ನವಿಲ್ಲದಿದ್ದರೆ ಆ ಫಲಕದ ಹಿಂದೆ ಕೂರಲು ಮಕ್ಕಳೇ ಇರುತ್ತಿರಲಿಲ್ಲ.

ನಮ್ಮ ಕಾವ್ಯಪರಂಪರೆಯೂ ಇದಕ್ಕೆ ಸಾಕ್ಷಿ. ರತ್ನತ್ರಯರಲ್ಲಿ ಒಬ್ಬನಾದ ರನ್ನನು ಮುದುವೊಳಲಿನ ಬಳೆಗಾರರ ಮನೆಯ ಹುಡುಗ. ದೂರದ ಶ್ರವಣಬೆಳಗೊಳದವರೆಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯದಲ್ಲಿ ಬೆಳೆದು, ಮುಂದೆ 993ರಲ್ಲಿ ಅತ್ತಿಮಬ್ಬೆಗಾಗಿ ಅಜಿತಪುರಾಣವನ್ನು ಬರೆದನು. ಇಂದಿನ ಮಾತಿನಲ್ಲಿ ಹೇಳುವುದಾದರೆ ರನ್ನನು ವಿದ್ಯಾರ್ಥಿವೇತನದಿಂದ ಓದಿದವನು. ನೆರವು ಬೇಡುವುದರಲ್ಲಿ ಕೀಳರಿಮೆಯಿರುವ ವಿದ್ಯಾರ್ಥಿಗಳಿಗೆ ನಾನು ಈ ಒಂದು ಸಂಗತಿಯನ್ನು ಯಾವಾಗಲೂ ನೆನಪಿಸುತ್ತೇನೆ.

ಆದರೂ ಹಳೆಯದನ್ನು ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು. ಸಾಲೋಟಗಿಯ 27 ಮನೆಗಳಲ್ಲಿ ಔರಾದದ ಈ ರೈತನ ಮಗಳಿಗೆ ಒಂದು ಮೂಲೆಯೂ ಸಿಗುತ್ತಿರಲಿಲ್ಲ. ಗವಾನನ ಕೋಣೆಗಳಲ್ಲಿಯೂ ಇಲ್ಲ. ಇಪ್ಪತ್ತನೆಯ ಶತಮಾನದ ಬೋರ್ಡಿಂಗುಗಳೂ ಬಹುಪಾಲು ಆಯಾ ಸಮಾಜದ ಗಂಡುಮಕ್ಕಳಿಗಾಗಿಯೇ ಹುಟ್ಟಿದವು. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಂಡು ಓದುವ ವಸತಿಗೃಹವನ್ನು ತೆರೆದದ್ದು ಈ ಮಿತಿಯನ್ನು ದಾಟುವ ದೊಡ್ಡ ಹೆಜ್ಜೆ. ಇಂದಿನ ವಿದ್ಯಾರ್ಥಿವೇತನ ದಾನಿಯ ಇಚ್ಛೆಗೆ ಬಿಟ್ಟದ್ದಲ್ಲ. ನಿಯಮಕ್ಕೆ ಒಳಪಟ್ಟ ಪ್ರತಿಯೊಬ್ಬರೂ ಕೇಳಬಹುದಾದದ್ದು. ಅದನ್ನು ಬೇಡುವವನಂತೆ ಅಲ್ಲ, ಪಾಲುದಾರನಂತೆ ಕೇಳಬೇಕು.

ಕೇಳುವ ಕ್ರಮವನ್ನು ಆ ಸಂಜೆ ನಾವು ಹೀಗೆ ನಿಶ್ಚಯಿಸಿದೆವು. ಲೆಕ್ಕದ ಹಾಳೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಾಲು ಯಾವುದೋ ಅದಕ್ಕೆ ಮೊದಲು ನೆರವು ಹುಡುಕಬೇಕು. ಅವಳದು ಹಿಂದುಳಿದ ವರ್ಗದ ಕುಟುಂಬ. ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ಲಿನಲ್ಲಿ ಜಾಗ ದೊರೆತರೆ ಊಟ-ವಸತಿಯ 32,000 ರೂಪಾಯಿ ಲೆಕ್ಕದಿಂದ ಅಳಿಸಿಹೋಗಿ 15,700 ಉಳಿಯುತ್ತದೆ. ಹಾಸ್ಟೆಲ್ ದೊರೆಯದವರಿಗಾಗಿ 2013-14ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆಯಿದೆ. ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಎಂಬುದು ಅದು ಆರಂಭವಾದಾಗಿನ ಲೆಕ್ಕ. ಅದೊಂದೇ ಬಂದರೆ 32,700 ಉಳಿಯುತ್ತದೆ. ಎರಡರ ನಡುವಿನ ಅಂತರ ನೋಡಿದರೆ ಹಾಸ್ಟೆಲ್ಲಿಗೆ ಮೊದಲು ಏಕೆ ಅರ್ಜಿ ಹಾಕಬೇಕೆಂಬುದು ತಿಳಿಯುತ್ತದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯಿಸುತ್ತದೆ. ಕೇಂದ್ರದ 2021ರ ನಿಯಮಗಳಂತೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಬಿ.ಎ., ಎಂ.ಎ.ಯಂಥ ತರಗತಿಗಳಿಗೆ ಶುಲ್ಕದ ಹೊರತಾಗಿ ಕೊಡುವ ನಿರ್ವಹಣಾ ಭತ್ಯೆ, ಹಾಸ್ಟೆಲ್ಲಿನಲ್ಲಿರುವವರಿಗೆ ವರ್ಷಕ್ಕೆ 6,000, ಮನೆಯಿಂದ ಬರುವವರಿಗೆ 3,000 ರೂಪಾಯಿ. ಅದರಿಂದ ಖೋಲಿಯ ಬಾಡಿಗೆ ನಡೆಯದು.

ಎರಡನೆಯದು ತಂದೆಯ ಕಸುಬಿನಿಂದ ಬರುವ ನೆರವು. ರೈತರ ಮಕ್ಕಳಿಗಾಗಿ 2021ರಲ್ಲಿ ಘೋಷಿತವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ. ಓದುವ ಹುಡುಗಿಗೆ ವರ್ಷಕ್ಕೆ 5,500 ರೂಪಾಯಿ ಎಂದು ನಿಗದಿಯಾಗಿತ್ತು. ಮೂರನೆಯದು, ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜುಗಳಲ್ಲಿ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕೊಡುವ ವರ್ಷಕ್ಕೆ 30,000 ರೂಪಾಯಿಗಳ ವಿದ್ಯಾರ್ಥಿವೇತನ. ಇವುಗಳಲ್ಲಿ ಯಾವುದರೊಡನೆ ಯಾವುದನ್ನು ಪಡೆಯಬಹುದು, ಯಾವುದು ಕೂಡದು ಎಂಬುದನ್ನು ಆಯಾ ವರ್ಷದ ಸುತ್ತೋಲೆಯಲ್ಲಿ ಓದಿಯೇ ಮುಂದುವರಿಯಬೇಕು. ಬ್ಯಾಂಕಿನ ಸಾಲವನ್ನು ಎಲ್ಲಕ್ಕೂ ಕೊನೆಗೆ ಇಟ್ಟೆವು. ನಾಲ್ಕು ಲಕ್ಷ ರೂಪಾಯಿಯವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುವುದಿಲ್ಲ, ಓದು ಮುಗಿದ ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂಬುದು ನಿಜ. ಆದರೆ ಬಡ್ಡಿ ಆ ಅವಧಿಯಲ್ಲೂ ಏರುತ್ತಿರುತ್ತದೆ. ಕೊಟ್ಟದ್ದನ್ನು ಹಿಂದಿರುಗಿಸಬೇಕಾದ ಹಣವನ್ನೂ ಹಿಂದಿರುಗಿಸಬೇಕಿಲ್ಲದ ಹಣವನ್ನೂ ‘ನೆರವು’ ಎಂಬ ಒಂದೇ ಹೆಸರಿನಿಂದ ಕರೆಯುವುದು ವಿದ್ಯಾರ್ಥಿಗಳನ್ನು ದಾರಿತಪ್ಪಿಸುತ್ತದೆ.

ಅನಂತರ ಕಾಗದಗಳ ಸರದಿ. ಇಲ್ಲಿ ನನ್ನ ಗ್ರಂಥಸಂಪಾದನೆಯ ಅಭ್ಯಾಸ ಉಪಯೋಗಕ್ಕೆ ಬಂತು. ಮೇಜಿನ ಮೇಲೆ ಅವಳ ಆಧಾರ್ ಕಾರ್ಡು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ತಂದೆಯ ಪಹಣಿ ಎಲ್ಲವನ್ನೂ ಒಂದೇ ಕೃತಿಯ ಹಸ್ತಪ್ರತಿಗಳಂತೆ ಸಾಲಾಗಿ ಇಟ್ಟೆವು. ತಂದೆಯ ಹೆಸರಿಗೆ ಒಂದು ಪ್ರತಿಯಲ್ಲಿ ‘ಅಪ್ಪ’ ಸೇರಿದೆ, ಇನ್ನೊಂದರಲ್ಲಿ ‘ರಾವ್’ ಸೇರಿದೆ, ಮತ್ತೊಂದರಲ್ಲಿ ಎರಡೂ ಇಲ್ಲ. ಕನ್ನಡ, ಮರಾಠಿ, ಉರ್ದು ಮೂರೂ ಬೆರೆತ ಈ ಗಡಿಸೀಮೆಯಲ್ಲಿ ಬರೆಯುವವನ ನಾಲಗೆಗೆ ತಕ್ಕಂತೆ ಹೆಸರು ರೂಪ ಬದಲಿಸುತ್ತದೆ. ನಮಗೆ ಅದು ರಸವತ್ತಾದ ಪಾಠಾಂತರ. ಗಣಕಯಂತ್ರಕ್ಕೆ ಅದು ಇಬ್ಬರು ಬೇರೆ ಮನುಷ್ಯರು. ನನ್ನ ವಿದ್ಯಾರ್ಥಿದೆಸೆಯಲ್ಲಿ ಒಂದು ಕಚೇರಿ ಇಂಥದ್ದೇ ಕಾರಣಕ್ಕೆ ನನ್ನ ಅರ್ಜಿಯನ್ನು ಹಿಂದಿರುಗಿಸಿತ್ತು. ಸರಿಪಡಿಸಿಕೊಂಡು ಹೋಗುವಷ್ಟರಲ್ಲಿ ಗಡುವು ಕಳೆದಿತ್ತು. ಆದ್ದರಿಂದ ಮೊದಲು ಮೂಲಪ್ರತಿಯೊಂದನ್ನು ನಿರ್ಧರಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರಪ್ರತಿಯಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ.

ಬ್ಯಾಂಕ್ ಖಾತೆ ಇದ್ದರೆ ಸಾಲದು, ಅದಕ್ಕೆ ಆಧಾರ್ ಜೋಡಣೆಯಾಗಿರಬೇಕು. ಹಣ ಬಂದು ಬೀಳುವುದು ಆ ಖಾತೆಗೇ. ಅವಳ ಆಧಾರ್ ಜೋಡಣೆಯಾಗಿದ್ದದ್ದು ಎಂದೋ ತೆರೆದು ಮರೆತಿದ್ದ ಇನ್ನೊಂದು ಖಾತೆಗೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ತುಂಬುವ ಮೊದಲು ದಾಖಲೆಗಳಿಗೆ ಕಾಲೇಜಿನಲ್ಲಿ ಇ-ದೃಢೀಕರಣ ಆಗಬೇಕು. ಸಲ್ಲಿಸಿದ ಮೇಲೆ ಅರ್ಜಿಯ ಸ್ಥಿತಿಯನ್ನು ಆಗಾಗ ನೋಡುತ್ತಿರಬೇಕು. ಜೊತೆಗೆ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ. 2013ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳ ನೂರಕ್ಕೆ 8 ಸ್ಥಾನಗಳು ಸ್ಥಳೀಯರಿಗೆ ಮೀಸಲು. ಅದು ಹಣ ಕೊಡುವುದಿಲ್ಲ. ಆದರೆ ಮುಂದೆ ಎಂ.ಎ.ಗೆ ಹೋಗುವಾಗ ಸರ್ಕಾರಿ ಸ್ಥಾನ ದೊರೆಯುವುದೂ ದುಬಾರಿ ಸ್ಥಾನ ಕೊಳ್ಳುವುದೂ ಅದರ ಮೇಲೆ ನಿಂತಿರಬಹುದು.

ಸಂಶೋಧನೆಯ ಹಾದಿಯಲ್ಲಿರುವವರಿಗೂ ಈ ಎಚ್ಚರ ಬೇಕು. ಜೈನರೂ ಸೇರಿ ಆರು ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗೆ ಸಲ್ಲುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ನಿಲ್ಲಿಸಿರುವುದಾಗಿ 2022ರ ಡಿಸೆಂಬರಿನಲ್ಲಿ ಕೇಂದ್ರವು ಸಂಸತ್ತಿಗೆ ತಿಳಿಸಿತು. ಅದನ್ನು ನಂಬಿ ಪಿಎಚ್.ಡಿ. ಯೋಚಿಸಿದ್ದ ಹಲವರು ಅರ್ಧದಲ್ಲೇ ನಿಂತರು. ಈಗ ಕನ್ನಡ ಅಥವಾ ಪ್ರಾಕೃತ ವಿಷಯದಲ್ಲಿ ನೆಟ್ ಪರೀಕ್ಷೆ ಬರೆದು ಜೆ.ಆರ್.ಎಫ್. ಪಡೆಯುವುದೇ ಮುಖ್ಯ ದಾರಿ. 2023ರ ಜನವರಿಯಿಂದ ಅದರ ಮೊತ್ತ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ. ಮಾರ್ಗದರ್ಶಕರನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಇದಕ್ಕೂ ಮೊದಲೇ ಸಿದ್ಧರಾಗಬೇಕು.

ಎಲ್ಲ ಅರ್ಜಿಗಳ ಪಟ್ಟಿ ಮುಗಿದಾಗ ರಾತ್ರಿ ಒಂಬತ್ತು. ತಂದೆ ಒಂದೇ ಪ್ರಶ್ನೆ ಕೇಳಿದರು: “ರೊಕ್ಕ ಯಾವಾಗ ಬರ್ತದ್ರಿ?”

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಶಾಲೆ-ಕಾಲೇಜುಗಳ ಪಂಚಾಂಗವೇ ಬೇರೆ, ಔರಾದದ ಹೊಲದ ಪಂಚಾಂಗವೇ ಬೇರೆ. ಶುಲ್ಕ ಕಟ್ಟುವುದು ಜೂನ್-ಜುಲೈನಲ್ಲಿ. ಬೀಜ-ಗೊಬ್ಬರಕ್ಕೆ ಕೈ ಖಾಲಿಯಾಗುವುದೂ ಆಗಲೇ. ಉದ್ದು, ಹೆಸರು ಭಾದ್ರಪದದ ಹೊತ್ತಿಗೆ ಬರಬೇಕು. ಆ ವರ್ಷ ಮಳೆ ಹಿಡಿದು ಕಾಯಿ ಹೊಲದಲ್ಲೇ ಕಪ್ಪಾಗಿತ್ತು. ಸೋಯಾ ದೀಪಾವಳಿಯ ಆಸುಪಾಸು, ತೊಗರಿ ಸಂಕ್ರಾಂತಿಯ ಹೊತ್ತಿಗೆ. ವಿದ್ಯಾರ್ಥಿವೇತನ ಇವೆಲ್ಲಕ್ಕೂ ಆಚೆ, ಎಷ್ಟೋ ಸಲ ವರ್ಷದ ಕೊನೆಗೆ. ಹುಡುಗಿ ಕಾಲೇಜು ಬಿಡುತ್ತಿದ್ದದ್ದು ನೆರವು ಇಲ್ಲವೆಂದಲ್ಲ; ಅದು ಬರುವವರೆಗಿನ ನಾಲ್ಕೈದು ತಿಂಗಳು ದಾಟಲಾಗದೆ. ಆ ತಿಂಗಳುಗಳನ್ನು ದಾಟಲು ತೆಗೆದ ಕೈಸಾಲದ ಬಡ್ಡಿ ಯಾವ ಅರ್ಜಿಯಲ್ಲೂ ಒಂದು ಸಾಲಾಗಿ ಇರುವುದಿಲ್ಲ.

ಮರುದಿನ ಆಕಿಂಚನ್ಯಧರ್ಮದ ದಿನ. ನಾನು ಹೊಸ ಉಪನ್ಯಾಸವನ್ನೇನೂ ಮಾಡಲಿಲ್ಲ. ಹಿಂದಿನ ದಿನ ಹೇಳಿದ್ದರಲ್ಲಿ ಒಂದು ಕೊರತೆಯಿತ್ತೆಂದು ಒಪ್ಪಿಕೊಂಡು, ಸಾಲೋಟಗಿಯ ದೀಪದ ಭೂಮಿಯ ಸಂಗತಿಯನ್ನೂ ಹುಡುಗಿಯ ಹೆಸರೆತ್ತದೆ ಆ ಲೆಕ್ಕದ ಹಾಳೆಯನ್ನೂ ಓದಿದೆ. ಧಾನ್ಯದ ಅಡತಿ ನಡೆಸುವ ಇಬ್ಬರು ಹಿರಿಯರು ಮುಂದೆ ಬಂದರು. ನಾವು ಐದಾರು ಜನ ಸೇರಿ ಒಂದು ಸಣ್ಣ ನಿಧಿ ಮಾಡಿದೆವು. ಅದಕ್ಕೆ ಹೆಸರಿಲ್ಲ, ಫಲಕವಿಲ್ಲ. ಅರ್ಜಿ ಹಾಕಿದ ದಿನದಿಂದ ಹಣ ಬರುವ ದಿನದವರೆಗೆ ಬಡ್ಡಿಯಿಲ್ಲದ ಕೈಗಡ. ಬಂದ ಮೇಲೆ ಮರಳಿಸಿದರೆ ಇನ್ನೊಬ್ಬರಿಗೆ. ಸರ್ಕಾರ ಮಾಡಬೇಕಾದದ್ದನ್ನು ನಾವು ಮಾಡಲಾರೆವು, ಮಾಡಬೇಕಿಲ್ಲ. ನಡುವಿನ ಆ ತಿಂಗಳುಗಳ ಊಟ ಮಾತ್ರ ಇಂದಿನ ಆಹಾರದಾನವೆಂದು ನನಗೆ ತೋರುತ್ತದೆ.

ಹುಡುಗಿ ಮುಂದಿನ ಸೋಮವಾರ ತರಗತಿಗೆ ಮರಳಿದಳು. ಹಾಸ್ಟೆಲ್ಲಿನ ಮೊದಲ ಪಟ್ಟಿ ಆಗಲೇ ಮುಗಿದಿತ್ತು. ಆ ವರ್ಷ ಜಾಗ ಸಿಗಲಿಲ್ಲ. ಖೋಲಿಯಲ್ಲೇ ಉಳಿದು ವಿದ್ಯಾಸಿರಿಗೆ ಅರ್ಜಿ ಹಾಕಿದಳು. ತಂದೆಯ ಹೆಸರಿನ ತಿದ್ದುಪಡಿಗೆ ಮೂರು ಸಲ ಔರಾದಕ್ಕೆ ಹೋಗಿಬರಬೇಕಾಯಿತು. ಸಂಕ್ರಾಂತಿಗೆ ತಂದೆ ಒಂದು ಚೀಲ ತೊಗರಿಬೇಳೆ ತಂದು ನನ್ನ ಮನೆಯಲ್ಲಿಟ್ಟು, ಹಣ ಇನ್ನೂ ಬಂದಿಲ್ಲವೆಂದು ಸಂಕೋಚದಿಂದ ಹೇಳಿದರು. ಬಂದಾಗ ಕೊಡಿ ಎಂದೆ. ಬೇಳೆಯನ್ನು ಹುಡುಗಿಯ ಖೋಲಿಗೇ ಕಳುಹಿಸಿದೆವು.

ಇದನ್ನು ಓದುತ್ತಿರುವ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ವರ್ಷಾರಂಭದಲ್ಲಿ ರನ್ನನ ಪಾಠ ತೊಡಗುವ ಮೊದಲು ಒಂದು ತರಗತಿಯನ್ನು ಇದಕ್ಕೆ ಕೊಡಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹತ್ತು ತಿಂಗಳ ಪೂರ್ತಿ ಲೆಕ್ಕವನ್ನು ಬರೆಯಲಿ. ಅದನ್ನು ಮನೆಯವರಿಗೆ ತೋರಿಸಲಿ. ನೀವು ಓದಬೇಕಾಗಿಲ್ಲ. ಆದರೆ ಯಾರ ಹಾಜರಿ ಭಾದ್ರಪದದಲ್ಲಿ ಕಡಿಮೆಯಾಗುತ್ತದೆಯೋ ಅವರನ್ನು ಕರೆದು ಕೇಳಿ. ಕೇಳುವಾಗ ಮಾತ್ರ ನನ್ನಂತೆ ಫೀಸಿನಿಂದ ಆರಂಭಿಸಬೇಡಿ.